ಹೆಪ್ಪುಗಟ್ಟಬಾರದ ಸೀಸೆ

ಕೊಲೆಸ್ಟರಾಲ್ ಹೊತ್ತು ರಕ್ತದಲ್ಲಿ ಓಡಾಡುವ ಕಣಗಳ ಮೇಲೆ ಎಕ್ಸ್‌-ರೇ ಹಾಯಿಸಿ, ಅದು ಚೆದುರುವ ಬಗೆಯಿಂದ ಅವುಗಳ ರಚನೆ ತಿಳಿಯುವುದು ಮೂಡುಬಿದಿರೆಯ ಅಧ್ಯಾಪಕಿ ಕಾಂತಿಯ ಸಂಶೋಧನೆ. ವಾರವಿಡೀ ಒದ್ದಾಡಿ ಬೇರ್ಪಡಿಸಿದ ಕಣಗಳ ಸೀಸೆಯನ್ನು, ಎಕ್ಸ್‌-ರೇ ಕೇಂದ್ರಕ್ಕೆ ಒಯ್ಯುವ ಮರುದಿನದ ಪ್ರಯಾಣಕ್ಕೆಂದು ಬಂಟ್ವಾಳದ ಮನೆಗೆ ತಂದು, ಐಸಿನ ಡಬ್ಬಿಯಲ್ಲಿಟ್ಟು, ಬಿ.ಸಿ.ರೋಡ್ ಪೇಟೆಗೆ ಹೋಗಿದ್ದಳು. ಬಂದು ನೋಡಿದರೆ ಡಬ್ಬಿ ಖಾಲಿ.

"ಐಸ್ ಕರಗಿತ್ತು, ಫ್ರಿಜ್ಜಿಗೆ ಹಾಕಿದೆ," ಎಂದರು ಅಮ್ಮ.

ಕಾಂತಿ ಫ್ರಿಜ್ಜಿನತ್ತ ಓಡಿದಳು. ಹೆಪ್ಪುಗಟ್ಟಿದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತವೆ. "ಫ್ರೀಜರಿಗಾ ಅಮ್ಮ?"

"ಅಲ್ಲಿ ಜಾಗ ಎಲ್ಲಿ ಉಂಟು ಮಾರಾಯ್ತಿ? ಬಂಗುಡೆ ಮೀನು ತುಂಬಿಸಿದ್ದೇನೆ. ಕೆಳಗೆ ಮೊಸರಿನ ಹತ್ತಿರ ಉಂಟು ನೋಡು."

ಸೀಸೆ ಅಲ್ಲೇ ಇತ್ತು, ಹೆಪ್ಪುಗಟ್ಟದೆ, ತಣ್ಣಗೆ. ಕಾಂತಿಗೆ ಹೋದ ಜೀವ ಬಂದಂತಾಯಿತು. ಇಷ್ಟು ಮೀನು ಯಾಕೆ ತರುವುದು ಎಂದು ಯಾವಾಗಲೂ ರೇಗುತ್ತಿದ್ದವಳು, "ಇವತ್ತು ಎರಡು ಬಂಗುಡೆ ಜಾಸ್ತಿ ಕಾಯಿಸಮ್ಮ," ಎಂದಳು.