ದೊಡ್ಡವ್ವ ನನಗೆ ‘ರೀ’ ಅಂದ ದಿನ

ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳ ಅಕ್ಕ, ಗುಡಗೇರಿಯ ದೊಡ್ಡವ್ವ. ಸಾಲಿಯಿಂದ ಬರುವುದು ತಡವಾದರೆ ರೈಲು ಸ್ಟೇಷನ್ ತನಕ ಹುಡುಕಿಕೊಂಡು ಬಂದು, “ಎಲ್ಲಿ ಹಾಳಾಗಿ ಹೋಗಿದ್ದಿ ಬೇ?” ಎಂದು ಬೈಯುತ್ತಿದ್ದಳು. ಹಾಗೆ ಬೈಯುವವರು ಈಗ ನನಗೆ ಯಾರೂ ಇಲ್ಲ.

ನನ್ನ ಕೆಲಸ ಮರೆವಿನ ಕಾಯಿಲೆಯ ಸಂಶೋಧನೆ. ತೀರಿಕೊಂಡವರ ಮನೆಯವರು ದಾನ ಕೊಟ್ಟ ಮಿದುಳಿನ ತೆಳುವಾದ ಸೀಳುಗಳಿಗೆ ಹೊಳೆಯುವ ಬಣ್ಣ ಹಾಕಿ, ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಕೆಳಗಿಡುತ್ತೇವೆ. ಲೇಸರ್ ಬೆಳಕು ಬಿದ್ದೊಡನೆ ಮಿದುಳನ್ನು ಕಾಯುವ ಜೀವಕೋಶಗಳು ಹಸಿರಾಗಿ ಬೆಳಗುತ್ತವೆ. ಆರೋಗ್ಯವಿದ್ದಾಗ ಅವಕ್ಕೆ ಎಳೆ ಎಳೆಯಾದ ಕವಲು. ಉರಿಯೂತ ಶುರುವಾಯಿತೆಂದರೆ ಕವಲು ಮುದುಡಿ, ಮೈ ಊದಿ, ಗುಂಪುಗೂಡುತ್ತವೆ. ಅದನ್ನೇ ನೋಡುತ್ತಾ ವರ್ಷಗಳು ಹೋದವು. ಅಷ್ಟರಲ್ಲಿ ದೊಡ್ಡವ್ವನಿಗೂ ಅದೇ ಕಾಯಿಲೆ ಬಂತು.

ಒಂದು ಭಾನುವಾರ ಊರಿಗೆ ಹೋದಾಗ ಆಕೆ ಕಟ್ಟೆಯ ಮೇಲೆ ಕುಳಿತಿದ್ದಳು. “ಬರ್ರಿ. ಯಾರು ಬೇಕಾಗಿತ್ರಿ?” ಅಂದಳು.

ಆಕೆಯ ಸೊಸೆ, ನನ್ನ ವೈನಿ, ಒಳಗಿನಿಂದ ಓಡಿ ಬಂದರು. “ಅತ್ತಿ, ನಿಮ್ಮ ಮಗಳ್ರಿ ಆಕಿ!”

“ನನ್ನ ಮಗಳು ಸಾಲಿಗೆ ಹೋಗ್ಯಾಳ. ಇನ್ನೂ ಬಂದಿಲ್ಲ.”

ಚಪ್ಪಲಿ ಬಿಟ್ಟು ಆಕೆಯ ಬಾಜು ಕುಳಿತೆ. ಸೂಕ್ಷ್ಮದರ್ಶಕದಲ್ಲಿ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡಿದ್ದ ಒಂದು ಚಿತ್ರ ತೋರಿಸಿದೆ. ಅಗದಿ ಲಕ್ಷ್ಯ ಕೊಟ್ಟು ನೋಡಿದಳು.

“ಈ ಹಸರಂದು ಏನ್ರಿ?”

“ಮಿದುಳು ಕಾಯೂ ಜೀವ್ರಿ. ಸಿಟ್ಟಿಗೆದ್ದಾವ. ಕಾಯೂದು ಬಿಟ್ಟು ಬಾಜೂಕಿಂದೆಲ್ಲಾ ಸುಡಾಕತ್ತಾವ.” ಬುದ್ಧಿ ಬಂದಾಗಿನಿಂದ ನಾನು ‘ನೀನು’ ಎನ್ನುತ್ತಿದ್ದ ದೊಡ್ಡವ್ವನಿಗೆ ಈಗ ನಾನೂ ‘ರೀ’ ಹಚ್ಚಿದೆ.

“ಸಮಾಧಾನ ಮಾಡಾಕ ಬರೂದಿಲ್ಲೇನ್ರಿ?”

“ನೋಡಾಕತ್ತೀವ್ರಿ. ಇನ್ನೂ ದಾರಿ ಸಿಕ್ಕಿಲ್ಲ.”

“ಸಿಗತೈತಿ ತಗೋರಿ,” ಎಂದು ನನ್ನ ಕೈ ತಟ್ಟಿದಳು. ಆ ಕೈ ಬಿಡಲು ಮನಸ್ಸಾಗಲಿಲ್ಲ. ಸಂಜೆಯ ತನಕ ಇಬ್ಬರೂ ಸಾಲಿಯಿಂದ ಬರಬೇಕಿದ್ದ ಆ ಹುಡುಗಿಯ ದಾರಿ ಕಾಯುತ್ತ ಕುಳಿತೆವು. ಅವಳ ಹಟ, ಅವಳ ಉದ್ದ ಕೂದಲು, ಲೆಕ್ಕದಲ್ಲಿ ಅವಳ ಜಾಣತನ, ಎಲ್ಲ ಹೇಳಿದಳು. ಅಷ್ಟು ಪ್ರೀತಿಯ ಮಾತನ್ನು ನನ್ನೆದುರು ಆಕೆ ಎಂದೂ ಆಡಿರಲಿಲ್ಲ.

ರೈಲಿಗೆ ಹೊರಟಾಗ ಸೆರಗಿನಲ್ಲಿ ಕಟ್ಟಿದ್ದ ಹುರಿದ ಶೇಂಗಾ ಬಿಚ್ಚಿ ನನ್ನ ಬೊಗಸೆಗೆ ಸುರಿದಳು. “ದಾರ್ಯಾಗ ಸಿಕ್ಕರ ಆಕಿಗೆ ಕೊಡ್ರಿ. ನೀವು ತಿನಬ್ಯಾಡ್ರಿ ಮತ್ತ.”

ರೈಲು ಸಂಶಿ ಸ್ಟೇಷನ್ ದಾಟುವ ತನಕ ಹಾಗೇ ಹಿಡಿದುಕೊಂಡಿದ್ದೆ. ಆಮೇಲೆ ಒಂದೊಂದಾಗಿ ತಿಂದೆ.

ಈಗ ದೊಡ್ಡವ್ವನ ಮಾತು ಪೂರ್ತಿ ನಿಂತಿದೆ. ಉರಿ ತಣಿಸಬಹುದೆಂದು ನಾವು ನಂಬಿದ ಔಷಧ ಇನ್ನೂ ಇಲಿಗಳ ಮೇಲಿನ ಪ್ರಯೋಗದಲ್ಲೇ ಇದೆ. ಆಕೆಯ ಕಾಲಕ್ಕೆ ಅದು ಬರಲಾರದು. ಸಂಜೆ ವೈನಿ ಫೋನನ್ನು ಆಕೆಯ ಕಿವಿಗೆ ಹಿಡಿಯುತ್ತಾರೆ. ನಾನು ಆ ಉಸಿರು ಕೇಳುತ್ತ, ಮಳಿ ಬಂತೇನು, ಹೊಲದಾಗ ಹೆಸರುಕಾಳು ಬಿತ್ತಿದ್ರೇನು ಎಂದು ಕೇಳುತ್ತಿರುತ್ತೇನೆ.