ಕಾಟುಮಾವಿನ ಬುಡಕ್ಕೆ ಹಾಕಿದ ಉಪ್ಪು

ಅಮ್ಮ ಮೀನು ಮಾರುತ್ತಿದ್ದದ್ದು ಉರ್ವದ ಮಾರ್ಕೆಟ್ಟಿನ ಒಳಗಲ್ಲ. ಒಳಗಿನ ಕಟ್ಟೆಗಳೆಲ್ಲ ಅತ್ತೆಯಿಂದ ಸೊಸೆಗೆ ಎಂಬ ಹಾಗೆ ಯಾರು ಯಾರದ್ದೋ ಆಗಿಹೋಗಿದ್ದವು. ತಡವಾಗಿ ಬಂದವರಿಗೆ ರಸ್ತೆಯೇ ಗತಿ. ಹಾಗಾಗಿ ಅಮ್ಮ ಮತ್ತು ಇನ್ನು ಮೂವರು ಹೆಂಗಸರು ಬೆಳಿಗ್ಗೆ ದೋಣಿ ಬಂದು ನಿಲ್ಲುವ ದಕ್ಕೆಯಿಂದ ಮೀನು ಹೊತ್ತು ತಂದು, ಮಾರ್ಕೆಟ್ಟಿನಿಂದ ಸ್ವಲ್ಪ ಮುಂದೆ, ಕೊಟ್ಟಾರದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ಒಂದು ಕಾಟುಮಾವಿನ ಮರದ ಕೆಳಗೆ ಬುಟ್ಟಿ ಇಳಿಸುತ್ತಿದ್ದರು.

ಆ ಮರ ಯಾರು ನೆಟ್ಟದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಯ ಅಜ್ಜಿಯೂ ಅದರ ಕೆಳಗೆ ದಣಿವಾರಿಸಿಕೊಂಡಿದ್ದಳಂತೆ. ಬಿಸಿಲಿಗೆ ಬಿದ್ದ ಬೂತಾಯಿ ಮೀನು ಬೇಗನೆ ಹೊಟ್ಟೆ ಒಡೆದುಕೊಳ್ಳುತ್ತದೆ. ಆಮೇಲೆ ಅದನ್ನು ಬೆಕ್ಕು ಕೂಡ ಮೂಸುವುದಿಲ್ಲ. ಆ ಮರದ ಕೆಳಗೆ ಮಾತ್ರ ಮಧ್ಯಾಹ್ನದವರೆಗೂ ಮೀನಿನ ಕಣ್ಣು ಹೊಳೆಯುತ್ತಿತ್ತು. ಅಪ್ಪ ಮೊಣಕಾಲು ಕೆಟ್ಟು ಸಮುದ್ರಕ್ಕೆ ಹೋಗುವುದನ್ನು ಬಿಟ್ಟ ಮೇಲೆ ನಮ್ಮ ಮನೆ ನಡೆದದ್ದೂ, ನಾನು ಕೊಡಿಯಾಲ್‌ಬೈಲಿನ ಕಾಲೇಜಿನ ಮೆಟ್ಟಿಲು ಹತ್ತಿದ್ದೂ ಆ ನೆರಳಿನಿಂದಲೇ. ಮಿಡಿ ಉದುರುವ ಕಾಲದಲ್ಲಿ ಅಮ್ಮ ಬಂಗುಡೆಯ ಜೊತೆ ಎರಡು ಮಾವಿನ ಮಿಡಿ ಸುಮ್ಮನೆ ಹಾಕಿ ಕೊಡುತ್ತಿದ್ದಳು. ಮೀನಿನ ಸಾರಿಗೆ ಬೇರೆ ಹುಳಿ ಬೇಡವಲ್ಲ ಎಂದು ಗಿರಾಕಿಗಳು ಖುಷಿಯಿಂದ ಮತ್ತೆ ಅಲ್ಲಿಗೇ ಬರುತ್ತಿದ್ದರು.

ಮರದ ಹಿಂದಿನ ಹಿತ್ತಲು ಒಬ್ಬ ದಣಿಗಳದ್ದು. ಭೂಮಸೂದೆಯಲ್ಲಿ ಅವರ ಗದ್ದೆಗಳು ಒಕ್ಕಲುಗಳ ಪಾಲಾದವು. ಗದ್ದೆ ಹೋದರೂ ದಣಿಕೆ ಹೋಗಲಿಲ್ಲ. ಉಳಿದ ಹಿತ್ತಲಲ್ಲಿ ಅವರು ಊಟ, ವಸತಿಯ ಹೋಟೆಲು ಕಟ್ಟಿಸಿದರು. ಕಟ್ಟಿಸಿ ಆದ ಮೇಲೆ ನೋಡುತ್ತಾರೆ, ಹೋಟೆಲಿನ ಬೋರ್ಡು ಮರದ ಕೊಂಬೆಯ ಹಿಂದೆ, ಹೋಟೆಲಿನ ಬಾಗಿಲು ಮೀನಿನ ವಾಸನೆಯ ಮುಂದೆ! ಮೊದಲೇ ಕಣ್ಣಿಗೆ ಕಾಣದಷ್ಟು ಸಣ್ಣ ಮರವೇನೂ ಅಲ್ಲ ಅದು. ಕಡಿಸಿದರಾಯಿತು ಎಂದು ಅವರು ಲೆಕ್ಕ ಹಾಕಿರಬೇಕು. ಹಿಂದೆಲ್ಲ ಹಾಗೆಯೇ ಆಗುತ್ತಿತ್ತು.

ಆದರೆ ಅಷ್ಟರಲ್ಲಿ ಹೊಸ ಕಾನೂನು ಬಂದಿತ್ತು. ಬೆಳೆದ ಮರವನ್ನು, ಅದು ನಿಮ್ಮದೇ ಅಂಗಳದಲ್ಲಿ ಇದ್ದರೂ, ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಅದಕ್ಕೆಂದೇ ಒಬ್ಬ ಅಧಿಕಾರಿ. ದಣಿಗಳು ಅರ್ಜಿ ಹಾಕಿದ್ದರಿಂದ ಒಂದು ದಿನ ಮರದ ಕಾಂಡಕ್ಕೆ ನೋಟೀಸು ಅಂಟಿಕೊಂಡಿತು. ನಾನು ಕಾಲೇಜಿಗೆ ಹೋಗುವ ದಾರಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ: ಆಕ್ಷೇಪ ಇದ್ದವರು ಬಂದು ಹೇಳಬಹುದು.

"ನಮಗೆ ಉಂಟು" ಎಂದಳು ಅಮ್ಮ.

ಮದುವೆಗೆ ಉಡುವ ಸೀರೆ ಉಟ್ಟು, ಮೂವರನ್ನೂ ಎಬ್ಬಿಸಿಕೊಂಡು ಅವಳು ಕಚೇರಿಗೆ ಹೋದಳು. ಬೆಂಚಿನಲ್ಲಿ ಕೂತಿದ್ದವರು ಮೂಗಿಗೆ ಕರವಸ್ತ್ರ ಹಿಡಿದರಂತೆ. ಅಮ್ಮ ಕ್ಯಾರೇ ಅನ್ನಲಿಲ್ಲ. ಅಧಿಕಾರಿ ಬಂದು ಮರ ನೋಡಿದರು, ಸುತ್ತು ಬಂದರು, ತಟ್ಟಿದರು. "ಗಟ್ಟಿ ಮರ. ರೋಗ ಇಲ್ಲ, ಬೀಳುವ ಹಾಗೂ ಇಲ್ಲ. ಕಡಿಯಲಿಕ್ಕೆ ಬಿಡ್ಲಿಕ್ಕೆ ಆಗುವುದಿಲ್ಲ" ಎಂದರು. ಒಣಗಿದರೆ ಅಥವಾ ಅಪಾಯ ಉಂಟಾದರೆ ಮಾತ್ರ ಅನುಮತಿ, ಅದು ನಿಯಮ ಎಂದೂ ಹೇಳಿದರು. ಆ ಕೊನೆಯ ಮಾತನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿಗೆ ಹಾಕಿಕೊಂಡವರು ಒಬ್ಬರೇ.

ಕಾಂಡಕ್ಕೆ ಬಿಳಿ ಪಟ್ಟಿ ಬಳಿದು ನಂಬ್ರ ಬರೆದರು. ಅಮ್ಮನ ಗತ್ತು ನೋಡಬೇಕಿತ್ತು! "ನಮ್ಮ ಮರಕ್ಕೆ ಈಗ ಸರಕಾರವೇ ಉಂಟು" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದಳು.

ಮಳೆಗಾಲ ಮುಗಿದ ಮೇಲೆ ದಣಿಗಳು ಒಂದು ದಿನ ಮರದ ಹತ್ತಿರ ಬಂದರು. ಬಿಳಿ ಮುಂಡು, ಹೆಗಲಲ್ಲಿ ಶಾಲು, ಬಾಯಲ್ಲಿ ಎಲೆಯಡಿಕೆ. ನನಗೆ ಅಂದು ಕಾಲೇಜಿಗೆ ರಜೆ; ಅಮ್ಮನ ಪಕ್ಕದಲ್ಲೇ ಇದ್ದೆ.

"ನೋಡು ಮಾರಾಯ್ತಿ, ಸರಕಾರ ಬೇಡ ಅಂದ ಮೇಲೆ ಮುಗಿಯಿತು. ನನಗೆ ಎಂತ ಹಠವೂ ಇಲ್ಲ. ಇನ್ನು ಮರವನ್ನು ಚಂದ ನೋಡಿಕೊಳ್ಳಬೇಕಲ್ಲ? ಬುಡ ಬಿಡಿಸಿ ಸ್ವಲ್ಪ ಉಪ್ಪು ಹಾಕಿ. ತೆಂಗಿಗೆ ನಾವು ಹಾಕುವುದು ಎಂತ? ಉಪ್ಪೇ ಅಲ್ವಾ? ನಾನು ಗೋಣಿ ಕಳಿಸ್ತೇನೆ. ನನಗೂ ಸ್ವಲ್ಪ ಪುಣ್ಯ ಬರಲಿ."

ಅಮ್ಮನ ಕಣ್ಣು ತುಂಬಿತು. "ದೊಡ್ಡ ಮನೆಯವರು ದೊಡ್ಡ ಮನೆಯವರೇ. ಸೋತದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ನೋಡು" ಎಂದು ಮನೆಗೆ ಬಂದು ಅಪ್ಪನಿಗೆ ಹೇಳಿದಳು.

ಕಡಲ ಬದಿಯವರಿಗೆ ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ನಮ್ಮ ಮನೆಯ ಎರಡು ತೆಂಗು ಬದುಕಿದ್ದೇ ಮೀನು ತೊಳೆದ ನೀರು, ಮೀನಿಗೆ ಹಾಕಿ ಉಳಿದ ಕೊಳೆ ಉಪ್ಪು, ಬೂದಿ ಇವುಗಳಿಂದ. ಬುಡ ಬಿಡಿಸಿ ಉಪ್ಪು ಹಾಕಿದರೆ ಗೊನೆ ತುಂಬ ಕಾಯಿ. ನಮಗೆ ಗೊತ್ತಿದ್ದ ಕೃಷಿ ಅಷ್ಟೇ. ಗದ್ದೆ, ತೋಟ ಇದ್ದವರಲ್ಲ ನಾವು. ನಾನು ಕಾಲೇಜಿನಲ್ಲಿ ಓದುತ್ತಿದ್ದದ್ದು ಚರಿತ್ರೆ. ದಣಿಗಳ ಹಿತ್ತಲಲ್ಲಿ ಮಾತ್ರ ತೆಂಗೂ ಇತ್ತು, ಮಾವೂ ಇತ್ತು. ತಲೆತಲಾಂತರದಿಂದ ಎರಡನ್ನೂ ಬೆಳೆಸಿದವರಿಗೆ ಯಾವುದಕ್ಕೆ ಯಾವುದು ಆಗುವುದಿಲ್ಲ ಎಂದು ಗೊತ್ತಿಲ್ಲದೆ ಇರುತ್ತದಾ?

ನಾಲ್ಕು ಹೆಂಗಸರು ಸರದಿಯಲ್ಲಿ ಪಿಕಾಸು ಹಿಡಿದರು. ಬೇರು ಕಾಣುವ ಹಾಗೆ ಸುತ್ತ ಬುಡ ಬಿಡಿಸಿ, ಗೋಣಿಗಟ್ಟಲೆ ಉಪ್ಪು ಸುರಿದು, ಮೇಲೆ ಮೀನಿನ ನೀರು ಹೊಯ್ದರು. ಖಾಲಿಯಾದ ಹಾಗೆ ಹೋಟೆಲಿನಿಂದ ಇನ್ನೊಂದು ಗೋಣಿ ಬರುತ್ತಿತ್ತು. ಬಾಣಂತಿಗೆ ಮಾಡುವ ಆರೈಕೆ ಕೂಡ ಅಷ್ಟು ಶ್ರದ್ಧೆಯಿಂದ ನಡೆಯುವುದಿಲ್ಲ.

ಆ ಸಲ ಮರ ಹೂ ಬಿಡಲಿಲ್ಲ. ಎಲೆಯ ಅಂಚು ಬೆಂಕಿ ತಾಗಿದ ಹಾಗೆ ಕಂದಿತು. ದೃಷ್ಟಿಯಾಗಿರಬೇಕು ಎಂದು ಅಮ್ಮ ಒಣಮೆಣಸು ನಿವಾಳಿಸಿದಳು. ಮತ್ತೆ ಇನ್ನೂ ಉಪ್ಪು ಹಾಕಿದಳು. ಮುಂದಿನ ಬೇಸಗೆಯ ಹೊತ್ತಿಗೆ ಮೇಲಿನ ಕೊಂಬೆಗಳು ಬೋಳಾಗಿ, ಬುಟ್ಟಿಯ ಮೇಲೆ ಬಿಸಿಲು ನೇರ ಬೀಳುತ್ತಿತ್ತು.

ದಣಿಗಳು ಎರಡನೆಯ ಅರ್ಜಿ ಹಾಕಿದರು. ಒಣ ಕೊಂಬೆ ಬಿದ್ದು ದಾರಿಹೋಕರು ಸತ್ತರೆ ಯಾರು ಜವಾಬ್ದಾರಿ ಎಂದು ಅದರಲ್ಲಿ ಬಹಳ ಕಾಳಜಿಯಿಂದ ಕೇಳಿದ್ದರಂತೆ. ಅದೇ ಅಧಿಕಾರಿ ಬಂದರು. ಬುಡದ ಮಣ್ಣನ್ನು ಕೈಯಲ್ಲಿ ತೆಗೆದು ನೋಡಿ, ನಾಲಗೆಗೆ ತಾಗಿಸಿ ಉಗುಳಿದರು.

"ಇದಕ್ಕೆ ಉಪ್ಪು ಹಾಕಿದ್ದು ಯಾರು?"

"ನಾವೇ ಸ್ವಾಮಿ" ಎಂದಳು ಅಮ್ಮ. ಆ ದನಿಯಲ್ಲಿ ಹೆಮ್ಮೆ ಇತ್ತು. "ನಾವು ನಾಲ್ವರೂ ಸೇರಿ ಹಾಕಿದ್ದು. ಒಂದು ದಿನ ಕೂಡ ತಪ್ಪಿಸಲಿಲ್ಲ."

"ತೆಂಗಿಗೆ ಉಪ್ಪು ಆಗ್ತದೆ. ಮಾವಿಗೆ ವಿಷ" ಎಂದರು ಅಧಿಕಾರಿ.

ಅಮ್ಮ ಹೋಟೆಲಿನ ಮೆಟ್ಟಿಲ ಮೇಲೆ ನಿಂತಿದ್ದವರ ಕಡೆ ತಿರುಗಿದಳು. "ದಣಿಗಳೇ, ನೀವೇ ಅಲ್ವಾ ಹಾಕು ಅಂತ ಹೇಳಿದ್ದು?"

"ನಾನಾ? ಉಳಿದ ಮೀನಿಗೆ ಹಾಕಿಕೊಳ್ಳಲಿ, ಪಾಪದವರು ಅಂತ ಕೊಟ್ಟೆ. ನೀನು ಮರಕ್ಕೆ ಹಾಕಿದರೆ ನಾನು ಎಂತ ಮಾಡುವುದು ಮಾರಾಯ್ತಿ?"

ಉಪ್ಪು ತಿಂದವರು ನೀರು ಕುಡಿಯಬೇಕು ಎಂದು ಗಾದೆ. ತಿನ್ನಿಸಿದವರು ಏನು ಕುಡಿಯಬೇಕು ಎಂದು ಯಾವ ಗಾದೆಯೂ ಹೇಳುವುದಿಲ್ಲ. ನಾನು ಬಾಯಿ ತೆರೆದೆ. ಅವರು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ ಎಂದೆ. ಅಧಿಕಾರಿ ನನ್ನ ಮುಖ ನೋಡಿದರು, ದಣಿಗಳ ಮುಖ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ನಂಬಿದ್ದರು ಎಂದೇ ನನಗೆ ಅನಿಸುತ್ತದೆ. ನಂಬಿ ಮಾಡುವುದೇನು? ಕೈಯಲ್ಲಿ ಉಪ್ಪು ಹಿಡಿದವರು ನಾವು, ಒಪ್ಪಿಕೊಂಡವರೂ ನಾವು.

ನಿಯಮದ ಪ್ರಕಾರ ಮರವನ್ನು ಹೀಗೆ ಸಾಯಿಸುವುದೂ ಕಡಿದಷ್ಟೇ ಅಪರಾಧವಂತೆ. ಹೆಂಗಸರು, ತಿಳಿಯದೆ ಮಾಡಿದ್ದು ಎಂದು ಅವರು ಕೇಸು ಹಾಕಲಿಲ್ಲ. ಇನ್ನು ಮುಂದೆ ರಸ್ತೆ ಬದಿಯ ಮರಗಳ ಕೆಳಗೆ ಕೂತು ಮೀನು ಮಾರಬಾರದು ಎಂದಷ್ಟೇ ಹೇಳಿದರು. ಅಮ್ಮ ಎರಡೂ ಕೈ ಜೋಡಿಸಿ ಉಪಕಾರವಾಯಿತು ಎಂದಳು. ಆ ಕಾನೂನು ಉಳಿಸಬೇಕಾಗಿದ್ದ ಮರ ಹೋಯಿತು. ಹೆದರಿಸಬೇಕಾಗಿದ್ದ ಮನುಷ್ಯ ವೀಳ್ಯ ಜಗಿಯುತ್ತಾ ಒಳಗೆ ಹೋದ. ಕೈ ಮುಗಿದದ್ದು ಆ ಮರದ ಪರವಾಗಿ ಎಲ್ಲರಿಗಿಂತ ಮೊದಲು ಕಚೇರಿಗೆ ಹೊರಟಿದ್ದ ಹೆಂಗಸು. ನನಗೆ ಆ ದಿನದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಒಣಗಿದ ಮರ ಕಡಿಯಲು ಸಿಕ್ಕಿದ ಅನುಮತಿಯಲ್ಲಿ, ಅದರ ಬದಲಿಗೆ ಗಿಡ ನೆಡಬೇಕೆಂದು ಷರತ್ತು ಇತ್ತು. ದಣಿಗಳು ಹೋಟೆಲಿನ ಎದುರು ಎರಡು ಶೋಕಿಯ ಗಿಡ ನೆಟ್ಟು, ಹಾರ ಹಾಕಿಸಿಕೊಂಡು ಫೋಟೋ ತೆಗೆಸಿದರು.

ಅಮ್ಮ ಆಮೇಲೆ ಬುಟ್ಟಿ ಹೊತ್ತು ಮನೆ ಮನೆ ತಿರುಗಿದಳು. ಕತ್ತು ನೋವು ಬಂತು, ಬಿಟ್ಟುಹೋಗದ ಕಾಲುನೋವೂ ಬಂತು. ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಬಲವಂತದಿಂದ ನಿಲ್ಲಿಸಿದೆ. ಒಂದು ದಿನ ಊಟಕ್ಕೆ ಕೂತಾಗ ನಾನು ಆ ಹೋಟೆಲಿನವನನ್ನು ಬಾಯಿಗೆ ಬಂದ ಹಾಗೆ ಬೈದೆ. ಅಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅವರು ಹೇಳಿದ್ದು ಹೌದು. ಹಾಕಿದ ಕೈ ನನ್ನದಲ್ವಾ?"

ಎಂಬತ್ತರ ದಶಕದ ಕೊನೆಯಲ್ಲಿ ಕೊಟ್ಟಾರದ ಹತ್ತಿರ ಸಣ್ಣ ಮನೆ ಮಾಡಿದೆವು. ಅಂಗಳದಲ್ಲಿ ಒಂದು ಮಲ್ಲಿಗೆ ಗಿಡ ನೆಡೋಣವೆಂದು ನಾನು ಗುಂಡಿ ತೋಡಿ, ಹಿರಿಯಳಲ್ಲವೇ ಎಂದು ಗಿಡವನ್ನು ಅಮ್ಮನ ಮುಂದೆ ಹಿಡಿದೆ. ಅವಳು ಹಿಂದೆ ಸರಿದಳು.

"ಬೇಡ, ನೀನೇ ನೆಡು. ನಾನು ಮುಟ್ಟಿದರೆ ಬದುಕುವುದಿಲ್ಲ."

ನಾನೇ ನೆಟ್ಟೆ. ಮಣ್ಣು ಮುಚ್ಚಿ ನೀರು ಹಾಕಿ ಏಳುವವರೆಗೂ ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಜಗಲಿಯ ಮೇಲೇ ನಿಂತಿದ್ದಳು.