ಎರಡು ಕಟಕ್ ಸಡಿಲ

ಅಣ್ಣನ ಮಾದರಿ ವಿಮಾನ ಬಿದ್ದು ಎರಡು ವರ್ಷವಾಯಿತು. ಬೀಳಿಸಿದ್ದು ನಾನೇ ಇರಬೇಕು ಎಂಬ ಅನುಮಾನಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ನಾನು ಧರ್ಮಪುರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅಳೆಯದೆ ಏನನ್ನೂ ನಂಬಬೇಡಿ ಎನ್ನುವುದೇ ನನ್ನ ಕಸುಬು. ಹಾಗಾಗಿ ನನ್ನ ನೆನಪನ್ನೂ ನಂಬದೆ ಸುಮ್ಮನಿದ್ದೆ.

ಅಣ್ಣ ಸೇಲಂನಲ್ಲಿ ಕೈಮಗ್ಗದಲ್ಲಿ ರೇಷ್ಮೆ ನೇಯುತ್ತಾನೆ. ಎಂಟು ತಿಂಗಳು ಬಾಲ್ಸಾ ಮರದ ಪಟ್ಟಿಗಳನ್ನು ಕೊರೆದು ಅಂಟಿಸಿ ಆ ವಿಮಾನ ಕಟ್ಟಿದ್ದ. ಮೂತಿಯಲ್ಲಿ ಮುಷ್ಟಿಯೊಳಗೆ ಹಿಡಿಯುವಷ್ಟು ಪುಟ್ಟ ಗ್ಲೋ ಇಂಜಿನ್. ಅದು ಕುಡಿಯುವುದು ಮೆಥನಾಲ್ ಮತ್ತು ಹರಳೆಣ್ಣೆಯ ಮಿಶ್ರಣ. ಅದರ ಕಾರ್ಬ್ಯುರೇಟರಿನಿಂದ ಒಂದು ಸೂಜಿ ಹೊರಚಾಚಿರುತ್ತದೆ. ಒಳಕ್ಕೆ ತಿರುಗಿಸಿದರೆ ಇಂಧನ ಕಡಿಮೆಯಾಗಿ ಸದ್ದು ಏರುತ್ತದೆ, ಹೊರಕ್ಕೆ ತಿರುಗಿಸಿದರೆ ಇಂಧನ ಹೆಚ್ಚಿ ಸದ್ದು ಒರಟಾಗುತ್ತದೆ. ಸೂಜಿಯ ತಿರುಪಿನ ಪ್ರತಿ ಹಲ್ಲಿಗೂ ಒಂದು ಕಟಕ್. ಸದ್ದು ತುದಿ ಮುಟ್ಟುವ ತನಕ ತಿರುಗಿಸಿ, ಅಲ್ಲಿಂದ ಎರಡು ಕಟಕ್ ಹಿಂದಕ್ಕೆ ಬರಬೇಕು. ವಿಮಾನ ಮೂತಿ ಎತ್ತಿದಾಗ ಇಂಧನ ಮೇಲೇರಿ ಬರಲು ತಿಣುಕುತ್ತದೆ; ಆ ಎರಡು ಕಟಕ್ ಸಡಿಲ ಇಲ್ಲದಿದ್ದರೆ ಇಂಜಿನ್ ಬಾಯಾರಿ ನಿಂತುಬಿಡುತ್ತದೆ.

ನಮ್ಮ ಮನೆಯವರ ಕೈಗೆ ಕಷ್ಟವಾಗುವುದೇ ಇದು. ಮಗ್ಗಕ್ಕೆ ಉದ್ದುದ್ದ ಬಿಗಿದ ಹಾಸಿನ ಎಳೆಗಳನ್ನು ಬೆರಳಿನಿಂದ ಮೀಟಿ, ಸಡಿಲ ಕೇಳಿಸಿದ ಕೂಡಲೇ ಬಿಗಿ ಮಾಡಿ ಬೆಳೆದವರು ನಾವು. ಮಗ್ಗ ಬಿಟ್ಟು ಇಷ್ಟು ವರ್ಷವಾದರೂ ಬಸ್ಸಿನ ಕಿಟಕಿಯಲ್ಲಿ ಸಡಿಲ ಸ್ಕ್ರೂ ಕಂಡರೆ ಉಗುರಿನಿಂದ ತಿರುಗಿಸುತ್ತಾ ಕೂರುತ್ತೇನೆ.

ಅಂದು ಹರೂರಿನಾಚೆಯ ಒಣಗಿದ ಕೆರೆಯಂಗಳಕ್ಕೆ ಅತ್ತಿಗೆಯೂ ಬಂದಿದ್ದರು. ಅಣ್ಣ ಇಂಜಿನ್ ಶುರುಮಾಡಿ, ಸೂಜಿಯನ್ನು ತುದಿಗೆ ತಂದು, ಎರಡು ಕಟಕ್ ಹಿಂದಕ್ಕೆ ಬಿಟ್ಟ. ವಿಮಾನವನ್ನು ನನ್ನ ಕೈಗೆ ಒಪ್ಪಿಸಿ ರಿಮೋಟ್ ತರಲು ಸ್ಕೂಟರಿನ ಕಡೆ ಹೋದ. ಇಂಜಿನ್ ಗೊರಗೊರ ಅನ್ನುತ್ತಿತ್ತು. ನನಗೆ ಸಹಿಸಲಾಗಲಿಲ್ಲ. ಕೈ ಚಾಚಿ ಎರಡು ಕಟಕ್ ಒಳಕ್ಕೆ ತಿರುಗಿಸಿದೆ. ಅಥವಾ ಹಾಗೆಂದು ನನ್ನ ನೆನಪು ಹೇಳುತ್ತದೆ. ಅಣ್ಣ ಬಂದು ಹಾರಿಸಿದ. ವಿಮಾನ ಬೇವಿನ ಮರದೆತ್ತರ ಏರುತ್ತಲೇ ಸದ್ದು ಕೀರಲಾಗಿ ಕಡಿದುಹೋಯಿತು, ವಿಮಾನ ಮೂತಿ ಕೆಳಗಾಗಿ ನೆಲಕ್ಕೆ ಬಡಿಯಿತು.

"ನನ್ ಕಿವಿ ಓಯ್ತು ಕಣ್ಲಾ," ಅಂದ ಅಣ್ಣ. "ಸಡಿಲ ಬಿಟ್ಟಿದೀನಿ ಅಂದ್ಕೊಂಡೆ. ಬಿಟ್ಟೇ ಇಲ್ಲ."

ಇಂಜಿನ್ನನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಅಲ್ಲಿಗೇ ನಿಂತಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಆದರೆ ಅವನು ಮಗ್ಗದಲ್ಲೂ ತನ್ನನ್ನು ನಂಬುವುದನ್ನು ಬಿಟ್ಟ. ಹಾಸು ಮೀಟಿ, "ಬಿಗಿ ಐತಾ ನೋಡು," ಎಂದು ಅತ್ತಿಗೆಯನ್ನು ಕರೆಯತೊಡಗಿದ. ಮೂವತ್ತು ವರ್ಷ ನೇಯ್ದವನು.

ಕಳೆದ ತಿಂಗಳು ಅತ್ತಿಗೆಯ ಫೋನಿನಲ್ಲಿ ಆ ದಿನದ ವಿಡಿಯೋ ಸಿಕ್ಕಿತು; ನನ್ನ ಫೋನಿಗೂ ಹಾಕಿಸಿಕೊಂಡೆ. ಅಣ್ಣ ಸ್ಕೂಟರಿನ ಕಡೆ ನಡೆದಾಗ ಅತ್ತಿಗೆ ಫೋನನ್ನು ಒಂದು ಮೇಕೆಯ ಕಡೆ ತಿರುಗಿಸಿದ್ದಾರೆ. ಮೇಕೆ ಚೀಲ ಅಗಿಯುತ್ತಿರುವಾಗ ಹಿಂದೆ ಇಂಜಿನ್ನಿನ ಸದ್ದು ಏರುತ್ತದೆ. ನನ್ನ ಕೈ ಕಾಣುವುದಿಲ್ಲ. ಬಿಸಿಯಾದ ಇಂಜಿನ್ನಿನ ಸದ್ದು ತಾನಾಗಿಯೂ ಸ್ವಲ್ಪ ಏರುತ್ತದೆ ಎಂದು ವಾದಿಸಬಹುದು, ವಾದಿಸಿದೆ. ಆ ತುಣುಕನ್ನು ಎಷ್ಟು ಸಲ ನೋಡಿದೆನೆಂದರೆ, ನೆನಪಿನಲ್ಲಿರುವುದು ಕೆರೆಯಂಗಳವೋ ಬರೀ ವಿಡಿಯೋವೋ ತಿಳಿಯದಾಯಿತು. ಒಂದು ಭಾನುವಾರ ಕೂರಲಾರದೆ ಸೇಲಂ ಬಸ್ ಹತ್ತಿದೆ. ತೊಪ್ಪೂರು ಇಳಿಜಾರಿನಲ್ಲಿ ಲಾರಿಗಳ ಹಿಂದೆ ಬಸ್ ತೆವಳುವಾಗ, ಇಳಿದು ವಾಪಸ್ ಹೋಗಲೇ ಎಂದು ಎರಡು ಸಲ ಯೋಚಿಸಿದೆ.

ಅಣ್ಣ ಲಾಳಿಗೆ ನೂಲು ತುಂಬುತ್ತಿದ್ದ. ನಿಂತೇ ಸೂಜಿಯ ವಿಷಯ ಹೇಳಿದೆ.

ಅವನು ತಲೆಯೆತ್ತಲಿಲ್ಲ. "ಯಾವಾಗ್ ಗೊತ್ತಾಯ್ತು?"

"ಅವತ್ತೇ ಅನುಮಾನ ಇತ್ತು. ಖಾತ್ರಿ ಇರ್ಲಿಲ್ಲ. ಈಗಲೂ ಇಲ್ಲ."

"ಖಾತ್ರಿ ಇಲ್ದಿದ್ರೆ ಬಾಯಿ ಬರಲ್ವಾ ನಿಂಗೆ? ಅನುಮಾನ ಐತೆ ಅಂತಾದ್ರೂ ಏಳ್ಬೋದಿತ್ತಲ್ಲ." ಲಾಳಿಯನ್ನು ಕೆಳಗಿಟ್ಟ. "ಎರಡ್ ವರ್ಸ ಕಿವುಡನ್ ತರ ಇದೀನಿ ಕಣ್ಲಾ ನಾನು."

ನನ್ನ ಸಂಶಯವನ್ನು ಪ್ರಾಮಾಣಿಕತೆ ಎಂದುಕೊಂಡಿದ್ದೆ. ಅದರ ಬೆಲೆ ತೆತ್ತದ್ದು ಅವನು.

ಅಣ್ಣ ಅಟ್ಟದಿಂದ ಇಂಜಿನ್ ಇಳಿಸಿ ಹಿತ್ತಲಿನ ಹಲಗೆಗೆ ಬಿಗಿದ. ಸಹಾಯಕ್ಕೆ ಬಾಗಿದೆ.

"ನೀ ಬೀದಿಗ್ ಓಗು."

ಹೋದೆ. ಅತ್ತಿಗೆ ಹೊಸಿಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. "ಏನ್ ತಂಬಿ, ಪ್ರೊಫೆಸರ್‌ನೇ ಕ್ಲಾಸಿಂದ ಆಚೆ ಆಕ್ಬಿಟ್ರಾ?"

ಹಿತ್ತಲಿನಲ್ಲಿ ಇಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಹೊತ್ತಿತು. ಸದ್ದು ನಿಧಾನವಾಗಿ ಏರಿ ತೆಳ್ಳಗಾಗಿ ತುದಿ ಮುಟ್ಟಿತು. ಅಲ್ಲೇ ಉಳಿಯಿತು. ನಾನು ಬೀದಿಯಲ್ಲಿ ಅತ್ತಿಂದಿತ್ತ ನಡೆದೆ. ಅಲ್ಲೇ ಬಿಟ್ಟರೆ ಅವನ ಕಿವಿ ನಿಜಕ್ಕೂ ಹೋಗಿದೆ, ನನ್ನ ತಪ್ಪಿಲ್ಲ. ಒಂದು ಕ್ಷಣ ಹಾಗಾಗಲಿ ಎಂದೇ ಬಯಸಿದೆ.

ಸದ್ದು ಒಂದು ಮೆಟ್ಟಿಲು ಇಳಿಯಿತು. ಇನ್ನೊಂದು ಇಳಿದು ಒರಟಾಗಿ, ಹಾಗೇ ಮುಂದುವರಿಯಿತು.

ಎರಡು ವರ್ಷದ ನಂತರ ಒಮ್ಮೆ ಸರಿ ಮಾಡಿದ್ದು ಅಂದಿನದಕ್ಕೆ ಸಾಕ್ಷಿಯಲ್ಲ ಎಂದು ನನ್ನೊಳಗಿನ ಮೇಷ್ಟ್ರು ಹೇಳಿದ. ಅವನ ಮಾತನ್ನು ಮುಗಿಸಗೊಡಲಿಲ್ಲ.

ಅಣ್ಣ ಕೈ ಒರೆಸುತ್ತಾ ಬಾಗಿಲಿಗೆ ಬಂದ. "ರೆಕ್ಕೆ ಒಸ್ದಾಗ್ ಕಟ್ಬೇಕು. ಭಾನುವಾರ ಭಾನುವಾರ ಬಂದು ಮರ ಉಜ್ಕೊಡು. ಸೂಜಿ ಮಾತ್ರ ಮುಟ್ಬೇಡ."